ಪೆನ್ನಿನ ತುದಿ ನೋಡು, ಯಮನೂರಪ್ಪ

ನೇತ್ರಾಧಿಕಾರಿ ಎಂಬ ಹೆಸರು ಕೇಳಿ ಈ ನೌಕರಿಗೆ ಬರುತ್ತಿರುವ ಮಕ್ಕಳೇ, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ನೇತ್ರ ಇದೆ, ಅಧಿಕಾರ ಇಲ್ಲ. ಮಸ್ಕಿ, ಸಿಂಧನೂರು, ಲಿಂಗಸುಗೂರು ಅಂತ ಸುತ್ತಿ ಸುತ್ತಿ ನಿವೃತ್ತಳಾದ ನಾನು ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ, ಸಂಕಟದಿಂದ ಹೇಳುತ್ತಿದ್ದೇನೆ. ಕಂಡದ್ದನ್ನು ಕಂಡ ಹಾಗೆ ಹೇಳುವುದಷ್ಟೇ ನಮ್ಮ ಪಾಲಿಗೆ ಬಂದದ್ದು. ಕೇಳುವುದು ಬಿಡುವುದು ಎದುರಿಗೆ ಕೂತವರ ಮರ್ಜಿ.

ಕಣ್ಣಿನ ಕೋಣೆ ಅಂದರೆ ಪೊರೆ, ಚಾಳೀಸು, ಶಾಲೆಯ ಮಕ್ಕಳ ತಪಾಸಣೆ. ಗೋಡೆಯ ಮೇಲಿನ ಅಕ್ಷರದ ಚಾರ್ಟು ಓದಿಸಿ ಓದಿಸಿ ಅದರ ಕೊನೆಯ ಸಾಲು ನನ್ನ ಕನಸಿನಲ್ಲೂ ಬರುತ್ತಿತ್ತು. ಜನ ನನ್ನನ್ನು ‘ಕಣ್ಣಿನ ಅಕ್ಕೋರು’ ಅನ್ನುತ್ತಿದ್ದರು. ಆ ಹೆಸರು ನನಗೆ ಇಷ್ಟವಾಗಿತ್ತು. ಬಡ್ತಿ, ವರ್ಗಾವಣೆಯ ಪುರಾಣ ಹೇಳಿ ನಿಮ್ಮನ್ನು ಬೇಸರಪಡಿಸುವುದಿಲ್ಲ. ನನ್ನನ್ನು ಇಂದಿಗೂ ನಿದ್ದೆಗೆ ಬಿಡದ ವಿಷಯ ಒಂದೇ, ಅದು ಪೆನ್ನಿನ ಪರೀಕ್ಷೆ.

ಅದನ್ನು ಕಲಿಸಿದ್ದು ಒಂದು ತರಬೇತಿಯಲ್ಲಿ, ನನಗಿಂತ ತೀರ ಚಿಕ್ಕವಳಾದ ಒಬ್ಬ ಡಾಕ್ಟರ್. ತಲೆಗೆ ಪೆಟ್ಟು ಬಿದ್ದವರ ಕಣ್ಣಿನ ಚಲನೆ ನೋಡಬೇಕು ಅಂದಳು. ನಾನು ಎದ್ದು ನಿಂತು, ‘ತಲೆ ಒಡಕೊಂಡವರನ್ನ ನನ್ನ ಕಡೆ ಯಾಕ ಕಳಸ್ತೀರಿ? ಹೊಲಿಗಿ ಹಾಕೋ ಕೋಣಿ ಆ ಕಡೆ ಐತಿ’ ಅಂದೆ. ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಆಮೇಲೆ ತಾಳ್ಮೆಯಿಂದ ಹೇಳಿದಳು. ಕಣ್ಣನ್ನು ತಿರುಗಿಸುವುದು ಕಣ್ಣಿನ ಕೆಲಸವಲ್ಲ, ಮಿದುಳಿನ ಕೆಲಸ. ಪೆಟ್ಟು ಬಿದ್ದು ಮಿದುಳು ಅಲುಗಿದರೆ ರಕ್ತ ಬರದೆ ಇರಬಹುದು, ಮೂಳೆ ಮುರಿಯದೆ ಇರಬಹುದು, ಸ್ಕ್ಯಾನಿನಲ್ಲಿ ಏನೂ ಕಾಣಿಸದೆ ಇರಬಹುದು. ಆದರೆ ಕಣ್ಣು ಮಾತ್ರ ಬಹಳ ಸಲ ತಡವರಿಸುತ್ತದೆ.

ಪರೀಕ್ಷೆ ಸರಳ. ತಲೆ ಅಲುಗಿಸದೆ ಪೆನ್ನಿನ ತುದಿಯನ್ನೇ ನೋಡಲು ಹೇಳಿ, ಪೆನ್ನನ್ನು ನಿಧಾನವಾಗಿ ಆ ಕಡೆ ಈ ಕಡೆ ಒಯ್ಯಬೇಕು. ನೆಟ್ಟಗಿರುವ ಕಣ್ಣು ಅದರ ಹಿಂದೆ ಜಾರಿಕೊಂಡು ಹೋಗುತ್ತದೆ. ಪೆಟ್ಟು ತಿಂದ ಕಣ್ಣು ನಮ್ಮ ಹಳ್ಳಿಯ ರಸ್ತೆಯ ಮೇಲೆ ಮೂರು ಗಾಲಿಯ ಟಂಟಂ ಹೋದ ಹಾಗೆ ಎಗರುತ್ತ, ಹಿಂದೆ ಬೀಳುತ್ತ, ಮತ್ತೆ ಓಡಿ ಹಿಡಿಯುತ್ತ ಸಾಗುತ್ತದೆ. ಆಮೇಲೆ ಎರಡು ಬೆರಳು ದೂರ ದೂರ ಹಿಡಿದು ಒಂದರಿಂದ ಇನ್ನೊಂದಕ್ಕೆ ನೋಟ ಹಾರಿಸಲು ಹೇಳಬೇಕು. ಪೆನ್ನನ್ನು ಮೂಗಿನ ಹತ್ತಿರ ತರುತ್ತ, ಒಂದು ಎರಡಾಗಿ ಕಂಡದ್ದು ಎಲ್ಲಿ ಅಂತ ಕೇಳಬೇಕು. ಕೊನೆಗೆ ಅವರದೇ ಹೆಬ್ಬೆರಳನ್ನು ನೋಡುತ್ತ ತಲೆಯನ್ನು ಬೇಡ ಬೇಡ ಅನ್ನುವ ಹಾಗೆ ಆಡಿಸಲು ಹೇಳಬೇಕು. ಪ್ರತಿ ಸಲವೂ ತಲೆನೋವು ಬಂತೇ, ತಿರುಗಿತೇ, ಹೊಟ್ಟೆ ತೊಳಸಿತೇ ಅಂತ ಕೇಳುವುದನ್ನು ಮರೆಯಬಾರದು. ಇದೊಂದರಿಂದಲೇ ರೋಗ ತೀರ್ಮಾನ ಮಾಡುವ ಹಾಗಿಲ್ಲ, ಡಾಕ್ಟರು ಉಳಿದದ್ದನ್ನೂ ನೋಡಬೇಕು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ ಸಿಕ್ಕ ಸಿಕ್ಕವರಿಗೆಲ್ಲ ಪೆನ್ನು ಹಿಡಿದೆ. ಮಸ್ಕಿಯ ಹತ್ತಿರದ ಹಳ್ಳಿಯವನೊಬ್ಬ ಕಟ್ಟೆಯಿಂದ ಬಿದ್ದ ಅಂತ ಕರೆತಂದರು. ಕಣ್ಣು ಪಕ್ಕಕ್ಕೆ ತಿರುಗಿಸಿದರೆ ಸಾಕು, ಪಟಪಟ ಎಗರುತ್ತಿತ್ತು. ನಾನು ಗಂಭೀರವಾಗಿ, ‘ಮಿದುಳಿಗೆ ಪೆಟ್ಟು ಬಿದ್ದೈತಿ’ ಅಂದೆ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ, ‘ಹಂಗಾದ್ರ ಅಕ್ಕೋರೆ, ನನ್ನ ಗಂಡಗ ಮದಿವ್ಯಾದಾಗಿಂದ ದಿನಾ ಸಂಜಿಗೆ ಮಿದುಳಿಗೆ ಪೆಟ್ಟು ಬೀಳಾಕತ್ತೈತೇನ್ರಿ?’ ಅಂದಳು. ಅವನು ಬೆಳಗ್ಗೆಯೇ ಸೇಂದಿ ಕುಡಿದು ಬಂದಿದ್ದ. ಡಾಕ್ಟರು ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ಕುಡಿದವನ ಕಣ್ಣೂ ಹಾಗೇ ಎಗರುತ್ತದೆ. ಅವತ್ತಿನಿಂದ ಪೆನ್ನು ಎತ್ತುವ ಮುಂಚೆ ಬಾಯಿಯ ವಾಸನೆ ನೋಡುವುದನ್ನು ಕಲಿತೆ, ನೀವೂ ಕಲಿಯಿರಿ.

ಮಸ್ಕಿಯಲ್ಲೇ ಹೈಸ್ಕೂಲಿನ ರೇಣುಕಾ ಎಂಬ ಹುಡುಗಿ ಬಂದಳು. ಕಬಡ್ಡಿಯಲ್ಲಿ ಯಾರದೋ ಮೊಣಕಾಲು ಕಪಾಲಕ್ಕೆ ಬಡಿದಿತ್ತು. ಅಂದಿನಿಂದ ಪುಸ್ತಕ ತೆಗೆದರೆ ಸಾಲುಗಳು ಓಡುತ್ತವೆ ಅನ್ನುತ್ತಿದ್ದಳು. ‘ಪರೀಕ್ಷಿ ಬಂತಲ್ರಿ, ಅದಕ್ಕ ಈ ನಾಟಕ’ ಅಂತ ಅವಳ ಮಾಸ್ತರರ ತೀರ್ಪು. ನಾನು ಪೆನ್ನನ್ನು ಅವಳ ಮೂಗಿನ ಕಡೆ ಒಯ್ಯತೊಡಗಿದೆನೋ ಇಲ್ಲವೋ, ಅದು ಎರಡಾಗಿಬಿಟ್ಟಿತು. ಅವಳಿಗೆ ವಿಶ್ರಾಂತಿ ಬರೆಸಿ, ಸ್ವಲ್ಪ ಸುಧಾರಿಸಿದ ಮೇಲೆ ಕಣ್ಣಿನ ಅಭ್ಯಾಸ ಹೇಳಿಕೊಟ್ಟೆ. ಕೆಲವು ವಾರಗಳಲ್ಲಿ ಓದುವಂತಾದಳು. ಅವಳಪ್ಪ ಸಜ್ಜೆರೊಟ್ಟಿಯ ಗಂಟು ತಂದು ನನ್ನ ಮೇಜಿನ ಮೇಲಿಟ್ಟ. ನನಗೆ ಹೆಮ್ಮೆಯಾಯಿತು, ಇನ್ನು ಮೇಲೆ ಜನ ಕೇಳುತ್ತಾರೆ ಅಂದುಕೊಂಡೆ.

ಲಿಂಗಸುಗೂರಿಗೆ ಬಂದ ಮೇಲೆ ಬೈಕಿನಿಂದ ಬಿದ್ದವರದೇ ಜಾತ್ರೆ. ನಮ್ಮ ಕಡೆ ಹೆಲ್ಮೆಟ್ಟನ್ನು ತಲೆಗೆ ಹಾಕುವುದಿಲ್ಲ, ಪೆಟ್ರೋಲ್ ಟ್ಯಾಂಕಿನ ಮೇಲೆ ಕೂಡಿಸಿಕೊಂಡು ಹೋಗುತ್ತಾರೆ. ಬಿದ್ದವರನ್ನು ಊರಿನವರು ಸ್ಕ್ಯಾನಿಗೆ ಒಯ್ಯುತ್ತಾರೆ. ಸ್ಕ್ಯಾನು ಸರಿ ಇದೆ ಅಂದರೆ ಮುಗಿಯಿತು, ಪರೀಕ್ಷೆ ಪಾಸಾದ ಹಾಗೆ. ಆಮೇಲೆ ತಲೆ ತಿರುಗುತ್ತದೆ ಅಂದವನು ಮೈಗಳ್ಳ, ಬೆಳಕು ಚುಚ್ಚುತ್ತದೆ ಅಂದವಳು ಸೋಗಲಾಡಿ.

ಅಲ್ಲಿಯ ಡಾಕ್ಟರು ನನ್ನ ಪೆನ್ನನ್ನು ಮೊದಮೊದಲು ನಂಬುತ್ತಿರಲಿಲ್ಲ. ‘ಇದು ಅನುಮಾನ ಹೇಳತೈತಿ ಅಕ್ಕೋರೆ, ಸಾಕ್ಷಿ ಹೇಳಂಗಿಲ್ಲ’ ಅನ್ನುತ್ತಿದ್ದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನಾನು ಅನುಮಾನ ಅಂದವರನ್ನು ಅವರು ಕೂಡಿಸಿಕೊಂಡು ಪೂರ್ತಿ ನೋಡುತ್ತಿದ್ದರು. ಈಗ ದೊಡ್ಡ ಊರುಗಳಲ್ಲಿ ಕನ್ನಡಕದಂಥ ಯಂತ್ರ ಬಂದಿದೆ, ಅದರೊಳಗಿನ ಕ್ಯಾಮೆರಾ ಕಣ್ಣಿನ ಒಂದೊಂದು ಎಗರಾಟವನ್ನೂ ಗೆರೆ ಬರೆದು ತೋರಿಸುತ್ತದೆ. ಒಮ್ಮೆ ಹೋಗಿ ನೋಡಿದೆ. ನನ್ನ ಪೆನ್ನಿಗಿಂತ ಎಷ್ಟೋ ಮೇಲು. ನೀವು ಅದನ್ನೇ ಕಲಿಯುತ್ತೀರಿ, ಕಲಿಯಿರಿ. ಆದರೆ ಯಮನೂರಪ್ಪನ ವಿಷಯದಲ್ಲಿ ಆ ಯಂತ್ರ ಇದ್ದಿದ್ದರೂ ಏನೂ ಬದಲಾಗುತ್ತಿರಲಿಲ್ಲ.

ಯಮನೂರಪ್ಪ ಗುರುಗುಂಟಾದಿಂದ ಆಚೆಗಿನ ಒಂದು ಹಳ್ಳಿಯವನು. ನಾಟಿ ಹಚ್ಚುವ ಕಾಲದಲ್ಲಿ ಹೆಣ್ಣುಮಕ್ಕಳನ್ನು ಟಂಟಂನಲ್ಲಿ ತುಂಬಿಕೊಂಡು ಗೊರೇಬಾಳದ ಗದ್ದೆಗಳಿಗೆ ಒಯ್ಯುತ್ತಿದ್ದ. ಒಂದು ದಿನ ತನ್ನ ಬೈಕಿನಲ್ಲಿ ಹೋಗುವಾಗ ಆಡು ಅಡ್ಡ ಬಂದು ಬಿದ್ದ, ಸ್ವಲ್ಪ ಹೊತ್ತು ಎಚ್ಚರ ತಪ್ಪಿತ್ತು. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಎದುರಿಗೆ ಬರುವ ಗಾಡಿಗಳು ಎರಡೆರಡಾಗಿ ಕಾಣುತ್ತವೆ, ಚಾಳೀಸು ಬೇಕು ಅಂತ ತಾಯಿ ಹುಲಿಗೆಮ್ಮನ ಜೊತೆ ನನ್ನ ಕೋಣೆಗೆ ಬಂದ. ಚಾರ್ಟಿನ ಕೊನೆಯ ಸಾಲನ್ನು ಗಡಗಡ ಓದಿದ. ಪೆನ್ನು ಹಿಡಿದರೆ ಕಣ್ಣು ಎಗರಿತು. ಹೆಬ್ಬೆರಳು ನೋಡುತ್ತ ತಲೆ ಆಡಿಸು ಅಂದಾಗ ಓಡಿಹೋಗಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡ.

ಡಾಕ್ಟರು ಪೂರ್ತಿ ನೋಡಿ, ಗಾಡಿ ಹೊಡೆಯಬಾರದು, ಭಾರ ಎತ್ತಬಾರದು, ಗದ್ದಲದಲ್ಲಿ ಇರಬಾರದು ಅಂತ ಬರೆದುಕೊಟ್ಟರು. ನಾನೂ ಹೇಳಿದೆ, ‘ನೋಡು ತಮ್ಮಾ, ಈಗಿನ ಪೆಟ್ಟು ಮಾಯೋದಕ್ಕ ಮುಂಚೆ ತಲೀಗೆ ಇನ್ನೊಂದು ಬಿತ್ತಂದ್ರ ಯಾರ ಕೈಯಾಗೂ ಇರಂಗಿಲ್ಲ.’ ಅವನು ನಗುತ್ತಲೇ, ‘ಟಂಟಂ ನಮ್ಮ ಮಾವನ ಕೈಗೆ ಕೊಡ್ತೀನ್ರಿ ಅಕ್ಕೋರೆ, ಅವನರ ದುಡೀಲಿ’ ಅಂದ. ಮಾತು ಉಳಿಸಿಕೊಂಡ ಕೂಡ, ಮರುದಿನವೇ ಟಂಟಂ ಕೊಟ್ಟುಬಿಟ್ಟ.

ಕೆಲವು ದಿನಗಳ ಮೇಲೆ ಖಾಸಿಂಸಾಬ ಬಂದರು. ಅವರು ಅದೇ ಹಳ್ಳಿಯ ಅಲಾಯಿ ಮನೆಯ ಮುಜಾವರರು, ಅಂದರೆ ಮೊಹರಂ ದೇವರ ಸೇವೆ ನೋಡಿಕೊಳ್ಳುವವರು. ಹಿಂದೆ ಅವರ ಪೊರೆಯ ಆಪರೇಷನ್ನಿಗೆ ನಾನೇ ಕಳಿಸಿದ್ದೆ. ನಮ್ಮ ಕಡೆ ಮೊಹರಂ ಎಂದರೆ ಹಿಂದೂ ಮುಸಲ್ಮಾನ ಎಲ್ಲರ ಹಬ್ಬ. ಆ ಊರಲ್ಲಿ ದೇವರ ಪಂಜಾ, ಅಂದರೆ ಕೋಲಿನ ತುದಿಯ ಲೋಹದ ಹಸ್ತ, ಹಿಡಿಯುವುದು ತಲೆಮಾರಿನಿಂದ ಯಮನೂರಪ್ಪನ ಮನೆತನದ ಹಕ್ಕು. ಹಿಡಿದವರ ಮೈಮೇಲೆ ದೇವರು ಬರುತ್ತದೆ, ಅದಕ್ಕೆ ಸವಾರಿ ಅನ್ನುತ್ತಾರೆ. ಅವನ ದೊಡ್ಡಪ್ಪ ತೀರಿಕೊಂಡ ಮೇಲೆ ಯಾರಿಗೂ ಸವಾರಿ ಬಂದಿರಲಿಲ್ಲ. ದೇವರು ಮುನಿಸಿಕೊಂಡಿದೆ ಅಂತ ಊರು ಕಳವಳದಲ್ಲಿತ್ತು.

‘ಬೆಂಕಿ ಹಾಕೋ ಅಲಾಯಿ ಕುಣಿ ತೋಡಾಕ ಗುದ್ದಲಿ ಹಾಕಿದ್ವಿ, ಹಲಗಿ ಬಾರಿಸಿದ್ವಿ, ಊದಿನ ಹೊಗಿ ಎದ್ದಿತು’ ಅಂದರು ಖಾಸಿಂಸಾಬ. ‘ಯಮನೂರಪ್ಪ ಅಲ್ಲೇ ನಿಂತಿದ್ದ. ತೂಗಾಡಾಕ ಹತ್ತಿದ, ಕಣ್ಣು ಹೊಳ್ಳಿಸಿದ. ಸವಾರಿ ಬಂತು ಅಂತ ಮಂದಿ ಕಾಲಿಗೆ ಬಿದ್ರು. ಊರಿಗೆ ಊರೇ ಖುಷಿಯಾಗೈತ್ರಿ. ನನಗೊಬ್ಬಗ ಹೆದರಿಕಿ ಆಗೇತಿ.’

‘ಯಾಕ ಚಾಚಾ?’

‘ಸವಾರಿ ಬಂದೋರನ್ನ ನಾ ಸಣ್ಣಾಂವ ಇದ್ದಾಗಿಂದ ನೋಡೀನ್ರಿ. ಇವನ ದೊಡ್ಡಪ್ಪಗ ಬಂದಾಗ ಕಣ್ಣು ಒಂದ ಕಡೆ ನಟ್ಟು ಬಿಡ್ತಿದ್ದುವು. ಇವಂದು ಹಂಗಲ್ರಿ. ಇವನ ಕಣ್ಣು ಹಿಡಕೊಳ್ಳಾಕ ಜಾಗ ಹುಡಕ್ತಾವ.’

ಹಲಗೆಯ ಸದ್ದು, ಹೊಗೆ, ಜನರ ಗದ್ದಲ. ಪೆಟ್ಟು ತಿಂದ ಮಿದುಳಿಗೆ ಇವಿಷ್ಟು ಸಾಕು ಅಂತ ನನಗೆ ಗೊತ್ತಿತ್ತು. ಡಾಕ್ಟರಿಗೆ ಹೇಳಿದೆ. ಅವರು ನನ್ನೆದುರಿಗೇ ಊರಿನ ಹಿರಿಯರಿಗೆ ಫೋನು ಮಾಡಿ ಬಿಡಿಸಿ ಬಿಡಿಸಿ ತಿಳಿಸಿದರು. ಆ ಕಡೆಯಿಂದ ‘ಆಯ್ತ್ರಿ ಸರ್, ಆಯ್ತ್ರಿ ಸರ್’ ಅಂದದ್ದು ನನಗೂ ಕೇಳಿಸಿತು. ಆಯ್ತು ಅಂದರೆ ಆಗುವುದಿಲ್ಲ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭಾನುವಾರ ಗುರುಗುಂಟಾದ ಬಸ್ಸು ಹತ್ತಿ, ಅಲ್ಲಿಂದ ಖಾಸಿಂಸಾಬರ ಜೊತೆ ಹಳ್ಳಿಗೆ ಹೋದೆ.

ಅಲಾಯಿ ಮನೆಯ ಕಟ್ಟೆಯ ಮೇಲೆ ಯಮನೂರಪ್ಪ ಕೂತಿದ್ದ. ಕೊರಳಲ್ಲಿ ಹೂವು, ಕೈಗೆ ಲಾಡಿ ಎಂಬ ಮೊಹರಂ ದಾರ ಕಟ್ಟಿದ್ದರು. ಹುಲಿಗೆಮ್ಮ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. ಮಗನಿಗೆ ಆರಾಮಿಲ್ಲ, ಹಬ್ಬದಲ್ಲಿ ಪಂಜಾ ಹಿಡಿಯಬಾರದು ಅಂದೆ. ಅವಳ ಮುಖ ಬಾಡಿತು, ಸುತ್ತ ಜನ ಸೇರಿದರು. ‘ಸುಳ್ಳಾದ್ರ ನೀವೇ ನೋಡ್ರಿ’ ಅಂತ ನಾನು ಬ್ಯಾಗಿನಿಂದ ಪೆನ್ನು ತೆಗೆದೆ. ಕಣ್ಣಾರೆ ಕಂಡರೆ ನಂಬುತ್ತಾರೆ ಅಂದುಕೊಂಡಿದ್ದೆ.

‘ಪೆನ್ನಿನ ತುದಿ ನೋಡು, ಯಮನೂರಪ್ಪ.’

ನೋಡಿದ. ಪೆನ್ನು ಸರಿಯಿತು, ಕಣ್ಣು ಎಗರಿತು, ಹಿಂದೆ ಬಿತ್ತು, ಮತ್ತೆ ಎಗರಿತು. ನನ್ನ ಕೋಣೆಯಲ್ಲಿ ಕಂಡದ್ದಕ್ಕಿಂತ ಹೆಚ್ಚಾಗಿತ್ತು. ನಾನು ಜನರ ಕಡೆ ತಿರುಗಿ ಕಂಡಿತೇ ಅನ್ನುವಷ್ಟರಲ್ಲಿ ಒಬ್ಬ ಮುದುಕಿ ಚೀರಿದಳು.

‘ಯವ್ವಾ, ಕಣ್ಣು ಹ್ಯಾಂಗ ಕುಣೀತಾವ ನೋಡ್ರವ್ವಾ! ಒಳಗ ದೇವರು ಕುಂತಾನ!’

ಯಾರೋ ಹಲಗೆಗೆ ಒಂದು ಪೆಟ್ಟು ಕೊಟ್ಟರು. ಯಾರೋ ಊದು ತಂದರು. ಜನ ಕಟ್ಟೆಗೆ ಹಣೆ ಹಚ್ಚತೊಡಗಿದರು. ಯಮನೂರಪ್ಪ ಕಣ್ಣು ಮುಚ್ಚಿ ತೂಗಾಡಿದ. ಹುಲಿಗೆಮ್ಮ ಅಳುತ್ತ ನಗುತ್ತ, ‘ನಿಮ್ಮ ಪೆನ್ನು ಹೇಳಿದ್ದೂ ಅದನ್ನ ಅಲ್ರೀ ಅಕ್ಕೋರೆ?’ ಅಂದಳು. ನಾನು ಪೆಟ್ಟು ಅಂದೆ, ಮಿದುಳು ಅಂದೆ, ಗಂಟಲು ಹರಿಯುವಂತೆ ಕೂಗಿದೆ. ಹಲಗೆಯ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಆ ಕಣ್ಣುಗಳನ್ನು ನಾನೂ ನೋಡಿದೆ, ಅವರೂ ನೋಡಿದರು. ಅದೇ ಕಣ್ಣು, ಅದೇ ಎಗರಾಟ. ಜೀವನವಿಡೀ ಕಣ್ಣು ನೋಡಿದ ನಾನು ಅಂದು ಆ ಕಟ್ಟೆಯ ಮೇಲೆ ಏನೂ ಮಾಡಲಾಗದೆ ನಿಂತಿದ್ದೆ.

ಗದ್ದಲ ಇಳಿದ ಮೇಲೆ ಯಮನೂರಪ್ಪನನ್ನು ಒಳಗೆ ಕರೆದು ಕೇಳಿದೆ, ‘ಖರೇ ಹೇಳು ತಮ್ಮಾ, ನಿನಗ ಏನನಸ್ತೈತಿ?’

ಕೊರಳ ಹೂವನ್ನು ತೆಗೆದು ಪಕ್ಕಕ್ಕಿಟ್ಟ. ‘ನನಗ ತಿಳೀವಲ್ದು ಅಕ್ಕೋರೆ. ತಲಿ ತಿರಗತೈತಿ, ಅದು ಪೆಟ್ಟಿಂದ ಇರಬೇಕು ಅನಸ್ತೈತಿ. ಅಷ್ಟರಾಗ ಮಂದಿ ಕಾಲಿಗೆ ಬೀಳ್ತಾರ. ನಮ್ಮವ್ವನೂ ಬೀಳ್ತಾಳ್ರಿ. ಅವ್ವ ಬಿದ್ದಮ್ಯಾಲ ಇದು ಪೆಟ್ಟು ಅಂತ ಹ್ಯಾಂಗ ಹೇಳ್ಲಿ?’

ನಾನು ಪೆನ್ನನ್ನು ಬ್ಯಾಗಿಗೆ ಹಾಕಿಕೊಂಡು ಹೊರಗೆ ಬಂದೆ.

ಖಾಸಿಂಸಾಬರು ಪಂಜಾ ಕೊಡುವುದಿಲ್ಲ ಅಂತ ಹಟ ಹಿಡಿದರು. ಪಂಜಾ ಕೊಡದಿದ್ದರೆ ಅಲಾಯಿ ಮನೆಯ ಕೀಲಿಕೈ ಕೊಡು ಅಂದರು ಹಿರಿಯರು. ಅಜ್ಜ ಮುತ್ತಜ್ಜನಿಂದ ಬಂದ ಸೇವೆ ಅದು. ಕೊನೆಗೆ, ಇಬ್ಬರು ಗಟ್ಟಿ ಆಳುಗಳು ಅವನ ಎರಡೂ ರಟ್ಟೆ ಹಿಡಿದಿರಬೇಕು ಅನ್ನುವ ಕರಾರಿನ ಮೇಲೆ ಒಪ್ಪಿಕೊಂಡರು. ಅದಕ್ಕಿಂತ ಹೆಚ್ಚು ಅವರಿಂದ ಆಗುತ್ತಿರಲಿಲ್ಲ. ನಾನು ಪೊಲೀಸರಿಗೆ ಹೇಳಲೇ ಅಂತ ಡಾಕ್ಟರನ್ನು ಕೇಳಿದೆ. ‘ಏನಂತ ಹೇಳ್ತೀರಿ? ಕಣ್ಣು ಎಗರಾಕತ್ತಾವ ಅಂತನೇನು?’ ಅಂದು ಅವರು ಮುಖ ತಿರುಗಿಸಿದರು. ಅವರ ದನಿಯಲ್ಲೂ ನೋವಿತ್ತು.

ಹಬ್ಬದ ಕೊನೆಯ ದಿನ ಹಾಡುಹಗಲೇ ಆದದ್ದು. ನಾನಲ್ಲಿರಲಿಲ್ಲ, ಖಾಸಿಂಸಾಬರು ಹೇಳಿದ್ದನ್ನು ಹೇಳುತ್ತೇನೆ. ಕುಣಿಯ ಸುತ್ತ ಪಂಜಾ ಹೊತ್ತು ತಿರುಗುವಾಗ ಹಲಗೆಯ ಬಡಿತ ಏರಿತು. ದೇವರು ಬಂದವನನ್ನು ಹಿಡಿಯುವುದು ಪಾಪ ಅಂತ ಯಾರೋ ಕೂಗಿದರು. ರಟ್ಟೆ ಹಿಡಿದವರು ಕೈ ಬಿಟ್ಟರು. ಯಮನೂರಪ್ಪ ಒಂದು ಸುತ್ತು ತಾನೇ ತಿರುಗಿದ, ಆಮೇಲೆ ಕಡಿದ ಗಿಡದ ಹಾಗೆ ಬಿದ್ದ. ಕುಣಿಯ ಕಟ್ಟೆಯ ಕಲ್ಲು ತಲೆಗೆ ಬಡಿಯಿತು. ಬೀಳುವಾಗಲೂ ಪಂಜಾ ನೆಲಕ್ಕೆ ತಾಗದಂತೆ ಎತ್ತಿ ಹಿಡಿದಿದ್ದನಂತೆ. ಅದನ್ನು ಅವನ ಕೈಯಿಂದ ಬಿಡಿಸಿಕೊಂಡದ್ದು ಖಾಸಿಂಸಾಬರೇ. ‘ಬೆರಳು ಬಿಡವಲ್ನಾಗಿದ್ದ ಅಕ್ಕೋರೆ’ ಅಂತ ಆ ಮುದುಕ ನನ್ನ ಕೋಣೆಯಲ್ಲಿ ಕೂತು ಮಗುವಿನ ಹಾಗೆ ಅತ್ತರು.

ದೂರದ ಆಸ್ಪತ್ರೆಯಲ್ಲಿ ತಲೆಯ ಆಪರೇಷನ್ ಆಯಿತು, ಜೀವ ಉಳಿಯಿತು, ಅಷ್ಟೇ. ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮನೆಯಲ್ಲಿ ಮೈಲಿಗೆಯಾಗಿತ್ತು ಅಂದರು ಕೆಲವರು, ಮುಜಾವರ ಅನುಮಾನ ಪಟ್ಟದ್ದಕ್ಕೆ ದೇವರು ಸಿಟ್ಟಾಯಿತು ಅಂದರು ಕೆಲವರು. ಕಣ್ಣಿನ ಅಕ್ಕೋರು ದೇವರ ಕಣ್ಣಿಗೆ ಪೆನ್ನು ತೋರಿಸಿದ್ದೇ ಮುಳುವಾಯಿತು ಅಂತಲೂ ಮಾತು ಬಂತು. ಪೆಟ್ಟು ಅಂತ ಯಾರೂ ಅನ್ನಲಿಲ್ಲ. ಯಾರ ಮೇಲೆ ಸಿಟ್ಟು ಮಾಡಲಿ? ಅವರಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ, ಎಲ್ಲರೂ ಅವನನ್ನು ಕೈಮುಗಿದು ಪ್ರೀತಿಸಿದವರೇ.

ಆಮೇಲೆ ನಾನು ಪರೀಕ್ಷೆ ಬಿಡಲಿಲ್ಲ. ನಿವೃತ್ತಿಯ ದಿನದವರೆಗೂ ಪೆನ್ನು ಹಿಡಿದೆ, ಬರೆದುಕೊಟ್ಟೆ, ತಿಳಿಸಿ ಹೇಳಿದೆ. ಆದರೆ ಒಳಗೆ ಏನೋ ಆರಿಹೋಗಿತ್ತು. ಬಾಗಿಲು ಹಾಕಿಯೇ ಪರೀಕ್ಷೆ ಮಾಡುತ್ತಿದ್ದೆ. ನೀವೂ ಹಾಗೇ ಮಾಡಿ, ಜನರ ಮುಂದೆ ಬೇಡ. ಅಂದು ಕಟ್ಟೆ ಬಿಟ್ಟು ಒಳಗೆ ಬಾಗಿಲು ಹಾಕಿ ನೋಡಿದ್ದರೆ ಅವನು ಬೀಳದೆ ಉಳಿಯುತ್ತಿದ್ದನೇ ಅಂತ ಕೇಳಿದರೆ, ಇಲ್ಲ ಅಂತಲೇ ನನ್ನ ನಂಬಿಕೆ.

ನಿವೃತ್ತಳಾದ ಮೇಲೆ ಒಂದು ಮಧ್ಯಾಹ್ನ ಖಾಸಿಂಸಾಬರ ಫೋನು ಬಂತು. ಹುಲಿಗೆಮ್ಮ ಒಮ್ಮೆ ಬಂದುಹೋಗಲು ಹೇಳಿದ್ದಾಳೆ ಅಂದರು. ಮನಸ್ಸಿರಲಿಲ್ಲ, ಆದರೂ ಹೋದೆ. ಯಮನೂರಪ್ಪನನ್ನು ಪಡಸಾಲೆಯಲ್ಲಿ ಗೋಡೆಗೆ ದಿಂಬು ಕೊಟ್ಟು ಕೂಡಿಸಿದ್ದರು. ಗಡ್ಡ ಬೋಳಿಸಿ, ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿದ್ದಳು. ಅವನು ಬಾಗಿಲ ಬೆಳಕಿನ ಕಡೆ ಮುಖ ಮಾಡಿ ಕೂತಿದ್ದ. ನಾನು ಹೋಗಿ ಎದುರಿಗೆ ಕೂತರೂ ಅವನ ನೋಟ ಕದಲಲಿಲ್ಲ.

‘ದಿನಾ ಮುಂಜಾನಿ ಚಮಚಾ ಹಿಡೀತೀನ್ರಿ ಅಕ್ಕೋರೆ’ ಅಂದಳು ಹುಲಿಗೆಮ್ಮ. ‘ನೀವು ಹಿಡಿದಂಗ ಹಿಡೀತೀನಿ, ಸಾವಕಾಶ ಒಯ್ತೀನಿ. ನೋಡವಲ್ಲ. ನನಗ ಹಿಡಿಯಾಕ ಬರವಲ್ದೋ ಏನೋ. ನಿಮ್ಮ ಕೈಗೆ ನೋಡ್ಯಾನು. ಒಮ್ಮೆ ಹಿಡೀರಿ ನಮ್ಮವ್ವಾ, ಒಮ್ಮೆ.’

ಪೆನ್ನು ತೆಗೆದು ಅವನ ಕಣ್ಣ ಮುಂದೆ ಹಿಡಿದೆ. ‘ಯಮನೂರಪ್ಪಾ’ ಅಂದೆ. ಎಡಕ್ಕೆ ಒಯ್ದೆ, ಬಲಕ್ಕೆ ಒಯ್ದೆ. ಕಣ್ಣು ಬಾಗಿಲ ಬೆಳಕಿನಲ್ಲೇ ಇತ್ತು. ಎಗರಲಿಲ್ಲ, ತಡವರಿಸಲಿಲ್ಲ. ಹುಲಿಗೆಮ್ಮ ಮಗನ ಕಣ್ಣು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

‘ಕಣ್ಣು ಹೊಳ್ಳಿತೇನ್ರೀ? ಒಂದೀಟರ ಹೊಳ್ಳಿತೇನ್ರೀ?’

ನಾನು ಪೆನ್ನು ಆಡಿಸುತ್ತಲೇ ಇದ್ದೆ. ಕೆಳಗಿಳಿಸಿದರೆ ಅದೇ ಅವಳಿಗೆ ಉತ್ತರವಾಗುತ್ತಿತ್ತು. ಕೈ ಸೋತು ಇಳಿಯತೊಡಗಿತು. ಹುಲಿಗೆಮ್ಮ ಹತ್ತಿರ ಸರಿದು ಕೂತು, ಪೆನ್ನು ಕೆಳಗೆ ಬಾರದ ಹಾಗೆ ತನ್ನ ಎರಡೂ ಅಂಗೈಗಳನ್ನು ನನ್ನ ಮೊಣಕೈಗೆ ಆನಿಸಿ ಹಿಡಿದಳು.